ದೊಡ್ಡಮ್ಮ ಎದ್ದು ನಿಂತಳು

ನಮ್ಮ ದೊಡ್ಡಮ್ಮನಿಗೆ ಧಾನ್ಯದ ಗೋದಾಮಿನಲ್ಲಿ ‘ಕ್ರೇನು’ ಎಂದೇ ಹೆಸರು. ಗಂಡಸರು ಇಬ್ಬಿಬ್ಬರು ಸೇರಿ ಎತ್ತುವ ಮೂಟೆಯನ್ನು ಒಬ್ಬಳೇ ಬೆನ್ನಿಗೇರಿಸುತ್ತಿದ್ದವಳು. ಅಲ್ಲಿ ದಿನಗೂಲಿ ಸಿಗುವುದು ಬೆಳಿಗ್ಗೆ ಗೇಟಿನ ಬಳಿ. ಮೇಸ್ತ್ರಿ ಒಂದು ಮೂಟೆ ತೋರಿಸುತ್ತಿದ್ದ. ಎತ್ತಿದವರು ಒಳಗೆ, ಕಾಲು ನಡುಗಿದವರು ಮನೆಗೆ. ಜ್ವರ ಬಂದರೂ ಬಸುರಿಯಾದರೂ ಅವಳು ನಡುಗಲಿಲ್ಲ. ನಡುಗಿದರೆ ಆ ದಿನ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ಹಾಗೆ ದುಡಿದ ಮೈ ಈಗ ಹಿಡಿಯಷ್ಟಾಗಿದೆ. ಮಗ ತೀರಿಕೊಂಡ ಮೇಲೆ ಬಾಡಿಗೆ ಕಡಿಮೆಯೆಂದು ಮೂರನೇ ಮಹಡಿಯ ಕೋಣೆ ಹಿಡಿದಳು. ಎಲ್ಲರಿಗೂ ಸೇರಿದ ಕಕ್ಕಸು ಇರುವುದು ಕೆಳಗೆ. ಇಳಿದು ಹತ್ತುವ ಕಷ್ಟಕ್ಕೆ ಮಧ್ಯಾಹ್ನದ ಮೇಲೆ ನೀರನ್ನೇ ಕುಡಿಯುವುದಿಲ್ಲ. ಹಲ್ಲು ಕಟ್ಟಿಸಿಕೊಳ್ಳಲು ಆಗಿಲ್ಲ, ಚಹಾದಲ್ಲಿ ಅದ್ದಿದ ಬ್ರೆಡ್ಡೇ ಊಟ. ತಿನ್ನದೆ ಶಕ್ತಿಯಿಲ್ಲ, ಶಕ್ತಿಯಿಲ್ಲದೆ ಇಳಿಯುವುದಿಲ್ಲ, ಇಳಿಯದೆ ಮನುಷ್ಯರ ಮುಖ ಕಾಣುವುದಿಲ್ಲ. ಕಳೆದ ತಿಂಗಳು ತಲೆ ತಿರುಗಿ ಬಿದ್ದಳು. ಕೇಳಿದರೆ, “ಬೀಳ್ಲಿಲ್ಲ ಕಣೆ, ಹಾಗೇ ಕೂತ್ಕೊಂಡೆ” ಎಂದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

ಅಷ್ಟರಲ್ಲಿ ಒಂದು ಸುದ್ದಿ ಬಂತು. ಮೆಟ್ಟಿಲು ಹತ್ತಲಾಗದ ಮುದುಕರಿಗೆಂದು ಧರ್ಮಸಂಸ್ಥೆಯೊಂದು ನೆಲಮಹಡಿಯ ಕೋಣೆಗಳನ್ನು ಕಟ್ಟಿಸಿತ್ತು. ಒಳಗೇ ಕಕ್ಕಸು, ಹೊತ್ತು ಹೊತ್ತಿಗೆ ಊಟ. ಖಾಲಿ ಉಳಿದಿದ್ದದ್ದು ಒಂದೇ. ಡಾಕ್ಟರು ನೋಡಿ, ನಿಜಕ್ಕೂ ಕೈಲಾಗದವರಿಗೆ ಅದನ್ನು ಕೊಡುತ್ತಾರಂತೆ.

“ದೊಡ್ಡಮ್ಮ, ಅಲ್ಲಿ ಗತ್ತು ತೋರಿಸ್ಬೇಡ. ಆಗಲ್ಲ ಅಂದ್ರೆ ಆಗಲ್ಲ ಅನ್ನು,” ಎಂದು ದಾರಿಯುದ್ದಕ್ಕೂ ಹೇಳಿದೆ.

ಅವಳು ನಕ್ಕಳು. “ಆಗದೋರಿಗೆ ಯಾರೇ ಏನ್ ಕೊಡ್ತಾರೆ, ಹುಚ್ಚಿ?”

ಕೋಣನ ಮುಂದೆ ಕಿನ್ನರಿ ಬಾರಿಸಿದ್ದೆ ಅಷ್ಟೇ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆದು ಮಾತಿನವರು. “ಅಜ್ಜಿ, ಕುರ್ಚಿಗೆ ಕೈ ಊರದೆ ಎದ್ದು ನಿಲ್ಲೋಕಾಗುತ್ತಾ ನೋಡಿ,” ಎಂದರು.

ದೊಡ್ಡಮ್ಮ ಸೆರಗು ಸೊಂಟಕ್ಕೆ ಬಿಗಿದಳು. ಹಲ್ಲಿಲ್ಲದ ದವಡೆ ಕಚ್ಚಿ ಎದ್ದು ನಿಂತಳು. ಕೂತಳು. ಮತ್ತೆ ನಿಂತಳು. ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಎದುರಿಗಿದ್ದ ಡಾಕ್ಟರಿಗೆ ಕಂಡದ್ದು ಅವಳ ನಗು.

“ಸಾಕು ಅಜ್ಜಿ, ಸಾಕು!”

“ಇನ್ನೊಂದ್ ಸಲ ಮಾಡ್ಲಾ?”

ನನಗೆ ತಡೆಯಲಾಗಲಿಲ್ಲ. “ಮೇಡಂ, ಮನೇಲಿ ಗೋಡೆ ಹಿಡ್ಕೊಂಡು ನಡೀತಾರೆ. ಹೋದ ತಿಂಗ್ಳು ಬಿದ್ದಿದ್ರು.”

“ಯಾರು ಬಿದ್ದಿದ್ದು?” ದೊಡ್ಡಮ್ಮ ನನ್ನತ್ತ ಕಣ್ಣು ಕೆಕ್ಕರಿಸಿದಳು. “ಇವಳ ಮಾತು ಕೇಳ್ಬೇಡಿ ತಾಯಿ. ಒಂದಿನಾನೂ ನಾನು ಬಿದ್ದೋಳಲ್ಲ.”

ಅವಳನ್ನು ಹೊರಗೆ ಕೂರಿಸಿ ಬಂದು ಮತ್ತೆ ಕೈಮುಗಿದೆ. ಡಾಕ್ಟರು ಬೇಸರದಿಂದಲೇ ಹೇಳಿದರು: “ನಾನು ಕಂಡದ್ದನ್ನ ತಾನೇ ಹೇಳ್ಬೇಕು? ಹೊರಗೆ ಎದ್ದು ನಿಲ್ಲೋಕೂ ಆಗದೋರು ಇದ್ದಾರಮ್ಮ.” ಅವರನ್ನು ಬೈಯಲು ಬಾಯಿ ಬರಲಿಲ್ಲ. ಬೈಯುವುದಾದರೂ ಯಾರನ್ನು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮನೆಗೆ ಬಂದೆವು. ಎರಡನೇ ಮಹಡಿಗೆ ಬರುವಷ್ಟರಲ್ಲಿ ದೊಡ್ಡಮ್ಮ ಮೆಟ್ಟಿಲ ಮೇಲೆ ಕುಸಿದಳು. ಅವಳ ತೊಡೆಗಳು ಗಡಗಡ ನಡುಗುತ್ತಿದ್ದವು. ಎರಡೂ ಕೈಯಿಂದ ಅದುಮಿ ಹಿಡಿದರೂ ನಿಲ್ಲಲಿಲ್ಲ. ಮುಖದಲ್ಲಿ ಮಾತ್ರ ಗೆದ್ದವಳ ಕಳೆ. ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

“ಹೊರಗೆ ಕೂತಿದ್ದೋರನ್ನ ನೋಡಿದ್ಯಾ?” ಉಸಿರು ತಿರುಗಿದ ಮೇಲೆ ಕೇಳಿದಳು. “ಒಬ್ರಿಗೂ ನಿಲ್ಲೋಕಾಗ್ತಿರ್ಲಿಲ್ಲ. ನನಗೇನೋ ರೂಮು ಸಿಕ್ತು. ಪಾಪ, ಅವ್ರೆಲ್ಲಾ ಎಲ್ಲಿಗೆ ಹೋಗ್ತಾರೋ.”