ಹಿರಿಯರ ತಟ್ಟೆಗೆ ಹಾಗಲಕಾಯಿ

ದೋ ಸೇನ್ ಮ್ಯಾಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಹಿಂತಾಡಾ ಊರಿನ ದೋಣಿಗಟ್ಟೆ ಬೀದಿಯವರೆಲ್ಲ ಹೇಳುತ್ತಿದ್ದರು. ಕಾಗೆಯ ಮೇಲೆ ಕೋಪ, ಕೈಕೊಡುವ ಕರೆಂಟಿನ ಮೇಲೆ ಕೋಪ, ತಡವಾಗಿ ಬರುವ ದೋಣಿಯ ಮೇಲಂತೂ ಹಲ್ಲು ಕಡಿಯುವಷ್ಟು ಕೋಪ. ಕೋಪ ಬರದೆ ಏನು ಮಾಡೀತು? ಗಂಡ ಸತ್ತ ಮೇಲೆ ಐರಾವತಿ ನದಿಯ ದಂಡೆಯಲ್ಲಿ ಸೋರೆಕಾಯಿ ಬಜ್ಜಿ ಕರಿದು ಮಕ್ಕಳನ್ನು ಸಾಕಿದವಳು ಅವಳು. ಕೊನೆಯ ದೋಣಿಯ ಜನಕ್ಕೆ ಬಜ್ಜಿ ಕೊಟ್ಟು ಮನೆ ಸೇರುವಷ್ಟರಲ್ಲಿ ಮಕ್ಕಳು ಪಕ್ಕದ ಮನೆಯಲ್ಲಿ ಉಂಡು ಮಲಗಿರುತ್ತಿದ್ದರು. ಅವರ ಜೊತೆ ಕೂತು ಒಂದು ರಾತ್ರಿ ಉಂಡ ನೆನಪೂ ಅವಳಿಗಿರಲಿಲ್ಲ.

ವಯಸ್ಸಾಗಿ ಬಾಣಲೆಯನ್ನು ಮೂಲೆಗಿಟ್ಟ ದಿನವೇ ಕಟ್ಟಪ್ಪಣೆ ಮಾಡಿದಳು. ಸಂಜೆ ಎಲ್ಲರೂ ಒಂದೇ ದುಂಡು ಮೇಜಿನ ಸುತ್ತ ಕೂರಬೇಕು, ಮೇಜಿನ ಮೇಲಿದ್ದುದನ್ನೆಲ್ಲ ತಿನ್ನಬೇಕು. ಮಗ ಮ್ಯೋ ತಾಂತ್ ಕೂತ, ಸೊಸೆ ನಿಲಾ ಕೂತಳು. ಆರು ವರ್ಷದ ಮೊಮ್ಮಗಳು ತೂಜಾ ಕೂತಳೇನೋ ನಿಜ, ಬಾಯಿ ತೆರೆಯಲಿಲ್ಲ. ಅವಳಿಗೆ ಅನ್ನ, ಹುರಿದ ಮೊಟ್ಟೆ, ಅಷ್ಟೇ. ಪುಂಡಿಸೊಪ್ಪು ಹುಳಿ, ಮೀನಿನ ಗೊಜ್ಜು ನಾತ, ಹಾಗಲಕಾಯಿ ಕಂಡರೆ ಕಣ್ಣೀರು.

"ಒಂದೇ ಒಂದು ಚೂರು ತಿನ್ನು ಪುಟ್ಟಾ, ಆಮೇಲೆ ಮೊಟ್ಟೆ ಕೊಡ್ತೀನಿ," ಎಂದು ನಿಲಾ ಪುಸಲಾಯಿಸುವಳು.

"ಈಗ್ಲೇ ಲಂಚ ಕಲಿಸ್ತೀಯಾ? ಹಸಿವು ರುಚಿ ಅರಿಯದು ಅಂತಾರೆ. ಹಸ್ಕೊಂಡಿರ್ಲಿ, ತಾನೇ ತಿಂತಾಳೆ," ಎಂದು ಅತ್ತೆ ಗದರುವಳು.

ಒಂದು ಸಂಜೆ ತೂಜಾ ಎಲ್ಲರ ಬಾಯಿ ಮುಚ್ಚಿಸಿದಳು. ಉಣ್ಣುವ ಮೊದಲು ಹಿರಿಯರ ತಟ್ಟೆಗೆ ಒಂದು ಚಮಚ ಹಾಕುವುದು ಅಲ್ಲಿ ಎಲ್ಲ ಮನೆಯ ಪದ್ಧತಿ. ಅವಳು ಹಿರಿಯರಿಗೆ ಗೌರವದಿಂದ ಕೊಡುವ ರೀತಿಯಲ್ಲೇ ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ತಲೆ ತಗ್ಗಿಸಿ, ತನ್ನ ಪಾಲಿನ ಪುಂಡಿಸೊಪ್ಪನ್ನೆಲ್ಲ ಅಜ್ಜಿಯ ತಟ್ಟೆಗೆ ಸುರಿದಳು. "ಮೊದ್ಲು ನೀವು, ಪ್ವಾಪ್ವಾ."

ಅಜ್ಜಿ ಕರಗಿ ನೀರಾದಳು. ಇಂಥ ಸಂಸ್ಕಾರದ ಮಗು ಯಾರ ಮನೆಯಲ್ಲಿದೆ ತೋರಿಸಿ ಎಂದು ಬೀದಿಯಲ್ಲೆಲ್ಲ ಡಂಗುರ ಸಾರಿದಳು. ಮರುದಿನ ಹಾಗಲಕಾಯಿ ಬಂತು, ಆಮೇಲೆ ದಿನವೂ ಒಂದಲ್ಲ ಒಂದು ಬಂತು. ಅತಿ ವಿನಯ ಧೂರ್ತ ಲಕ್ಷಣ ಎಂಬುದು ಊರಿಗೆಲ್ಲ ಗೊತ್ತು, ಮೊಮ್ಮಗಳ ವಿಷಯದಲ್ಲಿ ಅಜ್ಜಿಗೆ ಮಾತ್ರ ಮರೆತುಹೋಗಿತ್ತು. ಅಜ್ಜಿಗೂ ಹಾಗಲಕಾಯಿ ಕಂಡರಾಗದು. ಎಲ್ಲವನ್ನೂ ತಿನ್ನಬೇಕೆಂದು ಅಪ್ಪಣೆ ಮಾಡಿದವಳು ಆ ಬಟ್ಟಲನ್ನು ಮೆಲ್ಲಗೆ ಮಗನ ಕಡೆ ಸರಿಸುತ್ತಿದ್ದಳು. ಈಗ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಕಿರಿಯರು ಹಾಕಿದ್ದನ್ನು ಬೇಡವೆನ್ನುವಂತಿಲ್ಲ, ಆದ್ದರಿಂದ ಕಣ್ಣುಮುಚ್ಚಿ ನುಂಗಿದಳು.

ಒಂದು ದಿನ ತಟ್ಟೆಗೆ ಹಾಗಲಕಾಯಿ ಬಿದ್ದಾಗ ಅವಳ ಕಣ್ಣು ಮೊಮ್ಮಗಳ ತಟ್ಟೆಯ ಮೇಲೆ ಬಿತ್ತು.

"ಮೊಟ್ಟೆ ಯಾವತ್ತೂ ಹಾಕ್ಲೇ ಇಲ್ವಲ್ಲೇ ನಂಗೆ?"

"ಮೊಟ್ಟೆ ನಂಗಿಷ್ಟ, ಪ್ವಾಪ್ವಾ."

ಮ್ಯೋ ತಾಂತ್ ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಂಡ.

"ಓಹೋ, ನಿಂಗೂ ಗೊತ್ತಿತ್ತು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ." ಅಜ್ಜಿ ತಟ್ಟೆಯನ್ನು ಕುಕ್ಕಿ ಮೊಮ್ಮಗಳ ಕಡೆ ತಿರುಗಿದಳು. "ನಿನ್ನ ಎಂಜಲು ಸುರಿಯೋಕೆ ನಾನೇನು ಕಲಗಚ್ಚಿನ ಬಾನಿಯಾ?"

ಬೈಗುಳ ಮೂರನೆಯ ಮನೆಯವರೆಗೂ ಕೇಳಿಸಿತು. ತೂಜಾ ಹೆದರಿ ಅಮ್ಮನ ಬೆನ್ನಿನ ಹಿಂದೆ ಸೇರಿ ಅತ್ತಳು. ಮ್ಯೋ ತಾಂತ್‌ನ ನಗು ನಿಂತಿತು.

"ಸಾಕು, ಅಮೇ. ನಾಳೆಯಿಂದ ಮಗುಗೆ ಬೇಗ್ನೆ ಅಡುಗೆಮನೇಲೇ ಉಣಿಸಿ ಮಲಗಿಸ್ತೀವಿ. ನೀವು ನಿಮ್ಮ ಮೇಜಲ್ಲಿ ನೆಮ್ಮದಿಯಾಗಿ ಉಣ್ಣಿ."

ಉಂಡು ಮಲಗಿದ ಮಗು. ಮತ್ತೆ ಅದೇ. ದೋ ಸೇನ್ ಮ್ಯಾಳಿಗೆ ಮಗನ ಮೇಲೆ, ಆ ಹಾಳು ದೋಣಿಯ ಮೇಲೆ, ಕೊನೆಗೆ ತನ್ನ ನಾಲಿಗೆಯ ಮೇಲೂ ಸಿಟ್ಟು ಬಂತು.

ಮರುದಿನ ಸಂಜೆ ನಿಲಾ ಅಡುಗೆಮನೆಯಲ್ಲಿ ಮಗಳಿಗೆ ಬಡಿಸುತ್ತಿದ್ದಾಗ ಅಜ್ಜಿ ಹಾಗಲಕಾಯಿಯ ಬಟ್ಟಲು ಹಿಡಿದು ಬಂದು ನೆಲದ ಮೇಲೆ ಕೂತಳು. ತೂಜಾ ಮೊಟ್ಟೆಗೆ ಕೈ ಅಡ್ಡ ಹಿಡಿದಳು.

"ನಿನ್ನ ಮೊಟ್ಟೆ ಯಾರಿಗೆ ಬೇಕೇ? ಕೇಳು. ನಂಗೂ ಹಾಗಲಕಾಯಿ ಆಗಲ್ಲ. ನಿನ್ನಷ್ಟಿದ್ದಾಗಿಂದ್ಲೂ ಆಗಲ್ಲ."

ತೂಜಾ ಕಣ್ಣರಳಿಸಿದಳು. "ಮತ್ತೆ ಯಾಕೆ ತಿಂದ್ರಿ?"

"ನೀನು ಮೊಣಕೈ ಮುಟ್ಟಿ ಹಾಕಿದ್ಯಲ್ಲ ಕಳ್ಳಿ, ಅದಕ್ಕೆ ತಿಂದೆ."

ಅಜ್ಜಿ ಒಂದು ಚಿಕ್ಕ ಹೋಳು ಎತ್ತಿ ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಎತ್ತಿ, ಎಡಗೈಯನ್ನು ಮೊಣಕೈಗೆ ತಾಗಿಸಿ, ತಲೆ ತಗ್ಗಿಸಿ ಮೊಮ್ಮಗಳ ತಟ್ಟೆಗೆ ಹಾಕಿದಳು.

ನಿಲಾ ಗಾಬರಿಯಾದಳು. "ಅಮೇ, ನೀವು ಹಿರಿಯರು, ಹಾಗೆಲ್ಲ..."

"ನೀನು ಬಾಯ್ಮುಚ್ಚು."

ತೂಜಾ ಅಜ್ಜಿಯ ಮೊಣಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಳನ್ನು ಬಾಯಿಗಿಟ್ಟು ಮುಖ ಕಿವುಚಿದಳು. "ಕಹಿ."

"ಕಹಿ ಅಲ್ದೆ ಸಕ್ಕರೆ ಇರುತ್ತಾ? ನುಂಗು."

ನುಂಗಿದಳು. ತನ್ನ ಮೊಟ್ಟೆಯನ್ನು ಎರಡು ಭಾಗ ಮಾಡಿದಳು. ಮೊಣಕೈ ಮುಟ್ಟಿಕೊಂಡು ದೊಡ್ಡ ಭಾಗವನ್ನು ಅಜ್ಜಿಯ ಕಡೆ ಚಾಚಿದಳು. ಅಜ್ಜಿಯ ಮುಂದೆ ತಟ್ಟೆಯಿರಲಿಲ್ಲ. ಅವಳು ಅಂಗೈ ಒಡ್ಡಿದಳು.

"ಒಲೆ ಸರಿಯಾಗಿ ಊದಿದೀಯಾ ಇಲ್ವಾ, ಕಣ್ಣೆಲ್ಲ ಹೊಗೆ," ಎಂದು ಸೊಸೆಯ ಮೇಲೆ ಹರಿಹಾಯ್ದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. "ಕೂತ್ಕೊಂಡು ಏನು ನೋಡ್ತಿದೀರಿ? ಅವನನ್ನೂ ಕರೀರಿ. ಎಲ್ರೂ ಮೇಜಿಗೆ ನಡೀರಿ, ಅನ್ನ ಆರ್ತಾ ಇದೆ."