ಬಿಚ್ಚದೆ ಇಟ್ಟ ಪೊಟ್ಟಣ

ಎಂಜಿನ್ ಮಿಸ್ತ್ರಿಯ ಅಂಗಿಯ ಜೇಬಿನಲ್ಲಿ ಸದಾ ಲಗ್ನಪತ್ರಿಕೆಯಿಂದ ಕತ್ತರಿಸಿದ ಒಂದು ಪಟ್ಟಿ ಇರುತ್ತಿತ್ತು. ಬೆವರು, ಪೆಟ್ರೋಲು ಹತ್ತಿ ಕಂದಿದ ಪಟ್ಟಿ. ಎಂಜಿನ್ನಿನ ಚಕ್ರದ ಅಯಸ್ಕಾಂತಕ್ಕೂ ಕಿಡಿ ಹುಟ್ಟಿಸುವ ಕಾಯಿಲಿಗೂ ನಡುವೆ ಅದನ್ನು ತೂರಿಸಿ, ಸ್ಕ್ರೂ ಬಿಗಿದು, ಮೆಲ್ಲಗೆ ಎಳೆದು ತೆಗೆಯುತ್ತಿದ್ದರು. ಅಷ್ಟೇ ಸಂದು ಇರಬೇಕು.

ಗಂಗಾವತಿಯ ಅವರ ಅಂಗಡಿಗೆ ಬರುತ್ತಿದ್ದುದು ಬಹುತೇಕ ಭತ್ತದ ಗದ್ದೆಯ ಔಷಧಿ ಪಂಪುಗಳು. ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಒಂದೇ, ನಮ್ಮ ಕ್ರಿಕೆಟ್ ಮೈದಾನದ್ದು. ನಾನು ಪತ್ರಿಕೆಯ ವರದಿಗಾರ. ಆ ಮೈದಾನದ ಸಮಿತಿಗೆ ಕಾರ್ಯದರ್ಶಿ. ಯಂತ್ರ ಓಡಿಸುತ್ತಿದ್ದವನು ವಿರೂಪಾಪುರಗಡ್ಡೆಯಿಂದ ಬರುತ್ತಿದ್ದ ಮಾಲಿ.

ಬದಲಿಸಿದ ಹಳೆಯ ಭಾಗವನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಗಿರಾಕಿಯ ಕೈಗೇ ಕೊಡುವುದು ಮಿಸ್ತ್ರಿಯ ಪದ್ಧತಿ. "ನಿಮ್ಮ ಮಾಲು ನಿಮ್ಮ ಮನ್ಯಾಗಿರ್ಲಿ" ಎನ್ನುತ್ತಿದ್ದರು. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ, ಹಗ್ಗ ಎಳೆದು ಕಿಡಿ ನೋಡುವುದನ್ನು ನನಗೂ ಕಲಿಸಿದ್ದರು. ಕಿಡಿ ಬರದಿದ್ದರೆ, "ಮೊದ್ಲ ಬಂದ್ ಮಾಡೋ ಸ್ವಿಚ್ಚಿನ ವೈರ್ ಕಳಚಿ ನೋಡ್ರಿ, ಅದು ಎಲ್ಲರ ತಾಗಿದ್ರೂ ಕಿಡಿ ಬರಂಗಿಲ್ಲ. ಕಾಯಿಲ್ ಮ್ಯಾಲ ಅಪವಾದ ಆಮ್ಯಾಲ."

ಒಮ್ಮೆ ಯಂತ್ರ ನಿಂತಾಗ, ಕಾಯಿಲ್ ಸುಟ್ಟಿದೆ ಎಂದು ಹೊಸದನ್ನು ಹಾಕಿ ಹಳೆಯದನ್ನು ಪೊಟ್ಟಣ ಕಟ್ಟಿಕೊಟ್ಟರು. ನಾನು ಬಿಚ್ಚದೆ ಕಪಾಟಿನಲ್ಲಿಟ್ಟೆ. ನಾಲ್ಕೇ ತಿಂಗಳಲ್ಲಿ ಯಂತ್ರ ಮತ್ತೆ ನಿಂತಿತು. ಸಮಿತಿಯವರ ಎದುರು ಮುಚ್ಚಳ ತೆಗೆದ ಮಿಸ್ತ್ರಿ, ಇದು ತಾವು ಹಾಕಿದ ಕಾಯಿಲೇ ಅಲ್ಲ, ಯಾರೋ ಅದನ್ನು ಕದ್ದು ಯಾವುದೋ ಹಳೆಯದನ್ನು ಕೂರಿಸಿದ್ದಾರೆ ಎಂದರು. ಯಂತ್ರವಿಡುವ ಕೊಠಡಿಯ ಕೀಲಿ ಇದ್ದದ್ದು ಮಾಲಿಯ ಬಳಿ ಮಾತ್ರ. ಕೆಟ್ಟ ಭಾಗವನ್ನೂ ಮರಳಿ ಕೊಡುವ ಮನುಷ್ಯ ಸುಳ್ಳಾಡುತ್ತಾನೆಯೇ ಎಂದು ಸಭೆಯಲ್ಲಿ ಕೇಳಿದವನು ನಾನು. ಹನ್ನೊಂದು ವರ್ಷ ದುಡಿದ ಮಾಲಿ, ಕಳ್ಳನೆನಿಸಿಕೊಂಡು ಅಂದೇ ಹೋದ.

ಮಿಸ್ತ್ರಿ ಆಗ ಬೇರೆ ಕಾಯಿಲ್ ಹಾಕಿಕೊಟ್ಟಿದ್ದ ಯಂತ್ರ ಕಳೆದ ಶ್ರಾವಣದಲ್ಲಿ ಮೂರನೇ ಸಲ ನಿಂತಿತು. ಮಿಸ್ತ್ರಿ ಹಾಸಿಗೆ ಹಿಡಿದಿದ್ದರು, ಅಂಗಡಿ ಮುಚ್ಚಿತ್ತು. ನಾನೇ ಬಿಚ್ಚಿದೆ. ಸ್ವಿಚ್ಚಿನ ವೈರ್ ಕಳಚಿದರೂ ಕಿಡಿಯಿಲ್ಲ. ಯಂತ್ರದ ಮೂಲ ಕಾಯಿಲನ್ನೇ ಅಳತೆಗೆ ತೋರಿಸಿ ಬೇರೆ ತರಿಸಲೆಂದು, ಮೊದಲ ಸಲ ಕಪಾಟಿನಲ್ಲಿಟ್ಟಿದ್ದ ಪೊಟ್ಟಣ ಬಿಚ್ಚಿದೆ. ಸುಟ್ಟ ಗುರುತು ಎಲ್ಲೂ ಇರಲಿಲ್ಲ. ಕೂರಿಸಿ ಹಗ್ಗ ಎಳೆದೆ. ನೀಲಿ ಕಿಡಿ ಹಾರಿತು.

ಪೊಟ್ಟಣದ ಪೇಪರು, ದಾರ ಹಿಡಿದು ಅವರ ಮನೆಗೆ ಹೋದೆ. ಹೊರಸಿನ ಮೇಲೆ ಒರಗಿದ್ದವರು ಅದನ್ನು ನೋಡಿಯೇ ತಿಳಿದುಕೊಂಡರು. ಬಚ್ಚಿಡಲಿಲ್ಲ. ಮೊದಲ ಸಲ ಕೆಟ್ಟಿದ್ದು ಸ್ವಿಚ್ಚಿನ ವೈರಷ್ಟೇ. ಹೊಸದೆಂದು ಹಾಕಿದ್ದು ಗುಜರಿಯ ಕಾಯಿಲ್. ಅದು ಸಮಿತಿಯ ಎದುರು ಬಯಲಾಗುವ ಹೊತ್ತಿಗೆ ಕಳ್ಳತನದ ಮಾತು ಅವರ ಬಾಯಿಗೆ ಬಂದಿತ್ತು.

"ನೀವು ಬಿಚ್ಚಿ ನೋಡಂಗಿಲ್ಲ ಅಂತ ಗೊತ್ತಿತ್ರಿ" ಎಂದರು.

ಮಾಲಿ ವಿರೂಪಾಪುರಗಡ್ಡೆಯಲ್ಲೇ ಕೂಲಿಗೆ ಭತ್ತದ ಸಸಿ ನಾಟುತ್ತಿದ್ದ. ಎಲ್ಲ ಹೇಳಿ, ಕೆಲಸಕ್ಕೆ ಬಾ ಎಂದೆ. ಅವನು ಬದುವಿಗೆ ಬರಲಿಲ್ಲ, ನೀರಿನಲ್ಲೇ ನಿಂತ.

"ಅವ್ರು ಸುಳ್ಳು ಹೇಳಿದ್ರು, ಇರ್ಲಿ. ನೀವು ಪೇಪರ್‌ನವ್ರು. ಅವತ್ತ ನನ್ನ ಒಂದು ಮಾತು ಕೇಳಿದ್ರೇನ್ರಿ?"

ಕೇಳಿರಲಿಲ್ಲ.

ಮಿಸ್ತ್ರಿ ದೀಪಾವಳಿಗೆ ಮುಂಚೆ ತೀರಿಕೊಂಡರು. ಸುದ್ದಿ ನಾನೇ ಬರೆದೆ, ನಾಲ್ಕು ಸಾಲು. ಪ್ರಾಮಾಣಿಕರು ಎಂಬ ಮಾತು ಅಚ್ಚಿನಲ್ಲಿ ಬಿಟ್ಟುಹೋಗಿದೆ ಎಂದು ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. ನಾನು ಬರೆದಿರಲಿಲ್ಲ ಎಂದೆ.