ಹುಮನಾಬಾದಿಗೆ ಹೊರಟ ಚೀಲ

ಕಲ್ಯಾಣಿ ಊರಿನ ಕಿಲ್ಲೆಯ ಕೆಳಗಿನ ಓಣಿಯಲ್ಲಿ ವೈಜನಾಥ ಶಿಂಪಿ ಎಂದರೆ ಕೂತಲ್ಲಿ ಕೂಡದ ಮನುಷ್ಯ. ಹೊಲಿಗೆ ಮಿಷನ್ ತುಳಿಯುತ್ತಿದ್ದವನು ನಡುವೆಯೇ ಎದ್ದು ಬೀದಿಯ ತುದಿತನಕ ಹೋಗಿ ಬರುತ್ತಿದ್ದ. ಚಹಾ ಅರ್ಧ ಕುಡಿದು ಬಿಟ್ಟು, ಕೈಯಲ್ಲೇ ಇದ್ದ ಕತ್ತರಿಯನ್ನು ಮನೆಯೆಲ್ಲ ಹುಡುಕುತ್ತಿದ್ದ. ಅಂಥವನು ೧೯೪೧ರ ಚಳಿಗಾಲದಲ್ಲಿ ಒಂದೇ ಕೆಲಸಕ್ಕೆ ಅಂಟಿಕೊಂಡದ್ದು ಕಂಡು ಓಣಿಯವರಿಗೆ ಸೋಜಿಗವಾಯಿತು. ಅವನು ಪ್ರಯಾಣದ ಚೀಲವೊಂದನ್ನು ಹೊಲಿಯುತ್ತಿದ್ದ. ಎಂಥ ಚೀಲ ಅಂತೀರಿ, ಒಂದು ಆಡು ಒಳಗೆ ಹೊಕ್ಕು ಆರಾಮಾಗಿ ಮಲಗಬಹುದಿತ್ತು.

ಹೋಗಬೇಕಾಗಿದ್ದದ್ದು ಮಾತ್ರ ಹುಮನಾಬಾದಿಗೆ. ಬೆಳಿಗ್ಗೆ ಮೋಟಾರು ಹತ್ತಿದರೆ ಬಿಸಿಲೇರುವುದರೊಳಗೆ ಇಳಿಯುವ ಊರು. ಅಲ್ಲಿ ಗಂಡನ ಮನೆಯಲ್ಲಿ ಅವನ ಒಬ್ಬಳೇ ಮಗಳು ಭಾಗಮ್ಮ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ತವರಿನವರು ಕುಬಸ ತೆಗೆದುಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಬಾಣಂತನಕ್ಕೆ ಕರೆದುಕೊಂಡು ಬರಬೇಕು. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಆದರೂ ಬೀಗಿತಿ ತುಳಜಾಬಾಯಿ ಎರಡು ಸಲ ಹೇಳಿಕಳಿಸಿದ್ದಳು.

"ಬಂದೇ ಬರ್ತೀನಿ ಅಂತ ಹೇಳ್ರಿ. ಈ ಚೀಲ ಒಂದ್ ಆಗ್ಲಿ," ಎಂದು ವೈಜನಾಥ ಎರಡು ಸಲವೂ ಹೇಳಿ ಕಳಿಸಿದ.

ಚೀಲದ ನಮೂನೆ ಅವನಿಗೆ ಸಿಕ್ಕಿದ್ದು ಕಚೇರಿಯ ಸಾಹೇಬರೊಬ್ಬರಿಂದ. ಹರಿದ ಹಿಡಿಕೆ ಹಚ್ಚಿಸಲು ಅವರು ತಮ್ಮ ಚೀಲ ಕೊಟ್ಟಿದ್ದರು. ವೈಜನಾಥ ಅದರ ಮಗ್ಗುಲು, ತಳ, ಮುಚ್ಚಳ ಎಲ್ಲವನ್ನೂ ಹಳೆಯ ಉರ್ದು ಪತ್ರಿಕೆಯ ಮೇಲೆ ಒತ್ತಿಟ್ಟು, ಸುತ್ತ ಗೆರೆ ಎಳೆದು, ಕಾಗದ ಕತ್ತರಿಸಿಟ್ಟುಕೊಂಡ. ಸಂತೆಯಿಂದ ಹಳೇ ಡೇರೆಯ ದಪ್ಪ ಬಟ್ಟೆ ತಂದ. ಆದರೆ ಜೀವಮಾನವೆಲ್ಲ ಅಂಗಿ, ತೋಳಿಲ್ಲದ ಬಂಡಿ ಹೊಲಿದ ಕೈ ಅಂಗಿಗೆ ಬಿಡುವಷ್ಟೇ ಅಂಚು ಬಿಟ್ಟಿತು. ದಪ್ಪ ಬಟ್ಟೆ ಆ ಅಂಚನ್ನೆಲ್ಲ ಮಡಿಕೆಯಲ್ಲೇ ನುಂಗಿತು. ತಳಕ್ಕೂ ಮಗ್ಗುಲಿಗೂ ತಾಳೆಯಾಗಲಿಲ್ಲ. ಬಿಚ್ಚಿದ. ನಮೂನೆಯ ಸುತ್ತ ಕಾಗದದ ಪಟ್ಟಿ ಅಂಟಿಸಿ ದೊಡ್ಡದು ಮಾಡಿ ಮತ್ತೆ ಹೊಲಿದ. ಈಗ ಮುಚ್ಚಳ ಗಿಡ್ಡವಾಯಿತು. ಬಿಚ್ಚಿದ. ಮುಚ್ಚಳ ಸರಿಯಾದ ಮೇಲೆ ಹಿಡಿಕೆ ಭಾರ ತಡೆಯಲಿಕ್ಕಿಲ್ಲ ಅನ್ನಿಸಿತು. ಹಿಡಿಕೆಯ ಪಟ್ಟಿಯನ್ನು ತಳದ ಕೆಳಗಿನಿಂದ ಸುತ್ತಿ ತರಬೇಕೆಂದು ಮತ್ತೆ ಬಿಚ್ಚಿದ. ಸಲಸಲಕ್ಕೂ ಚೀಲ ಬೆಳೆಯುತ್ತ ಹೋಯಿತು.

ಪಕ್ಕದ ಮನೆಯ ಮುನ್ನಿ ಬೀ ಭಾಗಮ್ಮನನ್ನು ತನ್ನ ಮಕ್ಕಳ ಜೊತೆಗೇ ಎತ್ತಿ ಆಡಿಸಿ ಬೆಳೆಸಿದವಳು. ಅವಳು ಕಟ್ಟೆಯ ಮೇಲೆ ಹರಡಿದ ಬಟ್ಟೆ ನೋಡಿ ನಕ್ಕಳು.

"ಏನ್ ವೈಜನಾಥ ಭಾಯಿ, ಮಗಳ್ನ ಚೀಲದಾಗ ಹಾಕ್ಕೊಂಡ್ ಬರ್ತಿ ಏನ್?"

"ಬಾಣಂತಿ ಸಾಮಾನ ಭಾಳ ಇರ್ತಾವ, ಮುನ್ನಿ ಬೀ."

"ಸಾಮಾನ ಇಲ್ಲೇ ಅವ. ತರಬೇಕಾದಕಿ ಹುಡುಗಿ."

ವೈಜನಾಥ ಸೂಜಿಗೆ ದಾರ ಪೋಣಿಸತೊಡಗಿದ. ಅವನ ಬೆನ್ನ ಹಿಂದೆ ಮನೆಯಿತ್ತು, ಮನೆಯ ಒಳಗೆ ಒಂದು ಕೋಣೆಯಿತ್ತು, ಕೋಣೆಗೆ ಚಿಲಕ ಹಾಕಿತ್ತು. ಹೆಂಡತಿ ಮಾಣಿಕಮ್ಮ ಹೆರಿಗೆಯಲ್ಲಿ ತೀರಿಕೊಂಡದ್ದು ಅಲ್ಲೇ. ಅಂದಿನಿಂದ ಅವನು ಕಟ್ಟೆಯಲ್ಲಿ ದುಡಿದ, ಪಡಸಾಲೆಯಲ್ಲಿ ಮಲಗಿದ, ಆ ಬಾಗಿಲ ಕಡೆ ಮುಖ ಹಾಕಲಿಲ್ಲ. ಬಾಣಂತಿಯನ್ನು ಮಲಗಿಸಲು ಆ ಮನೆಯಲ್ಲಿ ಬೇರೆ ಕೋಣೆಯಿರಲಿಲ್ಲ. ಚೀಲ ಮುಗಿದರೆ ಹೋಗಬೇಕು, ಹೋದರೆ ಕರೆತರಬೇಕು, ಕರೆತಂದರೆ ಚಿಲಕ ತೆಗೆಯಬೇಕು. ಮುಗಿದೀತು ಹೇಗೆ ಆ ಚೀಲ! ಹೊಲಿಯುವಾಗಿನದಕ್ಕಿಂತ ಬಿಚ್ಚುವಾಗಲೇ ಅವನ ಕೈ ಚುರುಕಾಗಿತ್ತು. ದಾರಿ ನೋಡುತ್ತ ಕೂತ ಹುಡುಗಿಯನ್ನು ನೆನೆದರೆ ಇಂಥ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಅವನ ಮುಖ ನೋಡಿದರೆ ಆ ಸಿಟ್ಟು ನಿಲ್ಲುವುದಿಲ್ಲ.

ಒಂದು ಮುಂಜಾನೆ ಅವನು ಮತ್ತೆ ತಳದ ಹೊಲಿಗೆಗೆ ಕತ್ತರಿಯ ಮೊನೆ ಹಾಕಿದ್ದನ್ನು ಮುನ್ನಿ ಬೀ ನೋಡಿದಳು. ಬಂದವಳೇ ಕತ್ತರಿ ಕಸಿದುಕೊಂಡಳು.

"ಸಾಕ್ ಮಾಡು. ಯಾಕ ಬಿಚ್ಚಾಕತ್ತಿ ನನಗ ಗೊತ್ತದ. ನಾಳೆ ಮೋಟಾರ್ ಹತ್ತು. ಇಲ್ಲಂದ್ರ ನಾನೇ ಬುರಕಾ ಹಾಕ್ಕೊಂಡ್ ಹೋಗಿ ಕರ್ಕೊಂಡ್ ಬರ್ತೀನಿ. ಓಣ್ಯಾಗ ನಿನ್ನ ಮರ್ಯಾದಿ ಏನಾಗ್ತದ ನೋಡ್ಕೊ."

ಮರುದಿನ ಅವನು ಹೊರಟ. ಸೀರೆ, ಕುಬಸ, ಬಳೆ, ಮುನ್ನಿ ಬೀ ಕಟ್ಟಿಕೊಟ್ಟ ಉಂಡಿ ಎಲ್ಲ ಸೇರಿ ಚೀಲದ ಒಂದು ಮೂಲೆಗೂ ಸಾಲಲಿಲ್ಲ. ಅದನ್ನು ಮೋಟಾರಿನ ತಲೆಯ ಮೇಲೆ ಹಾಕಲು ಕೊಡದೆ ತೊಡೆಯ ಮೇಲೆ ಇಟ್ಟುಕೊಂಡ. ಮುಂದೆ ಕೂತವನಿಗೆ ತಿವಿದು ಬೈಸಿಕೊಂಡ. ನಡುದಾರಿಯ ರಾಜೇಶ್ವರದಲ್ಲಿ ಮೋಟಾರು ನಿಂತಾಗ ಇಳಿದು, ತನ್ನೂರ ಕಡೆ ಮರಳುವ ಗಾಡಿಯೊಂದನ್ನು ನೋಡುತ್ತ ನಿಂತ. ಕ್ಲೀನರ್ ಕೂಗಿದಾಗ ಓಡಿ ಬಂದು ಹತ್ತಿದ.

ಹುಮನಾಬಾದಿನ ಮನೆಯಲ್ಲಿ ತುಳಜಾಬಾಯಿ ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಆಮೇಲೆ ಸುತ್ತುಬಳಸದೆ ಹೇಳಿದಳು.

"ಎಂಟು ಬಿದ್ದದ, ಬೀಗರೇ. ಎಂಟರಾಗ ಬಸುರಿ ಹೆಣ್ಣಿನ್ನ ಊರು ದಾಟಸಂಗಿಲ್ಲ. ಏಳರಾಗ ಬರ್ರಿ ಅಂತ ಎರಡ್ ಸಲ ಹೇಳಿಕಳಿಸಿದ್ದೆ."

"ಹೌದ್ರಿ, ನಂದೇ ತಪ್ಪು. ಹಂಗಾರ ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ. ಬೇಕಾದ್ದೆಲ್ಲಾ ನಾ ತಂದು ಮುಟ್ಟಸ್ತೀನಿ."

ಮಾತು ಬೇಗ ಬಂತು, ತೀರ ಬೇಗ. ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಅವನ ಮುಖ ಸಡಿಲಾಯಿತು. ತುಳಜಾಬಾಯಿ ಚಹಾ ಮಾಡಲು ಒಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಭಾಗಮ್ಮ ಅಪ್ಪನ ಮುಖ ನೋಡಿಬಿಟ್ಟಿದ್ದಳು. ಸೊಂಟ ಹಿಡಿದುಕೊಂಡು ಮೆಲ್ಲಗೆ ಅವನ ಎದುರು ಕೂತಳು.

"ನಾ ಬರೋದು ನಿನಗ ಬ್ಯಾಡಾಗಿತ್ತೇನಪ್ಪಾ?"

"ಹಂಗ್ಯಾಕಂತಿ?" ಎಂದು ವೈಜನಾಥ ಎದ್ದ, ಕೂತ, ಚೀಲದ ಹಿಡಿಕೆ ಎಳೆದು ನೋಡಿದ, ಮತ್ತೆ ಎದ್ದ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ. "ಆ ಖೋಲಿ, ಭಾಗೂ. ನಿಮ್ಮವ್ವ ಅಲ್ಲೇ ಹೋದ್ಳು. ಅದೇ ಖೋಲ್ಯಾಗ ನಿನ್ನ ಮಲಗಸಾಕ ನನಗ ಅಂಜಿಕಿ ಬರ್ತದ. ಭಾಳ ಅಂಜಿಕಿ ಬರ್ತದ."

ಭಾಗಮ್ಮ ಸಣ್ಣವಳಿದ್ದಾಗ ಆ ಚಿಲಕ ಮುಟ್ಟಿದ್ದಕ್ಕೆ ಪೆಟ್ಟು ತಿಂದಿದ್ದಳು. ಅಪ್ಪ ಆ ಬಾಗಿಲನ್ನು ನೋಡದಿರುವುದಕ್ಕೆ ತಾನೇ ಕಾರಣವೆಂದು ಮದುವೆಯಾಗಿ ಬರುವತನಕ ತಿಳಿದುಕೊಂಡಿದ್ದಳು.

"ಅವ್ವ ಸತ್ತಿದ್ದಷ್ಟೇ ನೆನಪದ ನಿನಗ," ಎಂದಳು. "ನಾನೂ ಅಲ್ಲೇ ಹುಟ್ಟೀನಲ್ಲಪ್ಪಾ."

ವೈಜನಾಥ ನಿಂತವನು ನಿಂತೇ ಇದ್ದ. ಇಷ್ಟು ವರ್ಷದಲ್ಲಿ ಈ ಮಾತು ಒಮ್ಮೆಯೂ ಅವನ ತಲೆಗೆ ಬಂದಿರಲಿಲ್ಲ. ತಾನು ಚಿಲಕ ಹಾಕಿಕೊಂಡದ್ದು ಮಗಳು ಹುಟ್ಟಿದ ಕೋಣೆಗೆ.

"ಒಂಬತ್ತು ಬಿದ್ದ ಮ್ಯಾಲ ಬಾ. ನಿನ್ನ ಜೋಡಿನೇ ಬರ್ತೀನಿ," ಎಂದಳು ಭಾಗಮ್ಮ. "ಆದ್ರ ಆ ಖೋಲಿ ಬಾಗಲಾ ತಗದಿಟ್ಟು ಬಾ. ನಾ ಬಂದು ತಗಿಯಂಗ ಮಾಡಬ್ಯಾಡ."

ಅವನು ಹೂಂ ಅನ್ನಲು ಬಾಯಿ ತೆರೆದ, ಅಳು ಬಂತು. ತುಳಜಾಬಾಯಿ ಚಹಾ ತಂದಿಟ್ಟಾಗಲೂ ಅಳುತ್ತಲೇ ಇದ್ದ, ಭಾಗಮ್ಮ ಅವನ ಕೈ ಹಿಡಿದುಕೊಂಡು ಕೂತಿದ್ದಳು.